ಷರಾ

ಶಿವರಾಂಪೇಟೆಯಲ್ಲಿ ನನ್ನದು ಮಹಡಿ ಮೇಲಿನ ಕೋಣೆ,
ಕೆಳಗೆ ಪಾತ್ರೆ ಅಂಗಡಿ. ದಿನವಿಡೀ ಯಾರೋ
ಕೊಳಗ ಎತ್ತಿ ಬೆರಳಲ್ಲಿ ಬಡಿದು ಸದ್ದು ಕೇಳುತ್ತಿರುತ್ತಾರೆ,
ಒಡಕಿದೆಯೋ ಇಲ್ಲವೋ ಎಂದು.

ಕೆಂಪನಂಜಮ್ಮ ಮೆಟ್ಟಿಲು ಹತ್ತಿ ಬಂದರು,
ಒಂದು ಕೈ ಮೊಣಕಾಲ ಮೇಲೆ, ಇನ್ನೊಂದರಲ್ಲಿ ಮೊಬೈಲು.
ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಮಗ್ಗದ ಮುಂದೆ ನಿಂತವರು.
ಎಳೆ ತುಂಡಾದರೆ ಕಣ್ಣಿಗಿಂತ ಮೊದಲು
ಬೆರಳಿಗೆ ಗೊತ್ತಾಗುತ್ತಿತ್ತಂತೆ.
'ಇದೊಂದು ಗೊತ್ತಾಗ್ಲಿಲ್ಲ' ಅಂದರು.

ಇದು ಅಂದರೆ ಹನ್ನೊಂದು ಲಕ್ಷ, ನಿವೃತ್ತಿಯ ದುಡ್ಡು.
ಸುವರ್ಣಾಂಕುರ ಅಂತ ಕಂಪನಿ, ಸರಸ್ವತಿಪುರಂನಲ್ಲಿ ಎಸಿ ಆಫೀಸು,
ಹೋದವರಿಗೆಲ್ಲ ಬಾದಾಮಿ ಹಾಲು.
ಬಡ್ಡಿ ಕೈಗೆ ಕೊಡಲಿಲ್ಲ, ಅಸಲಿಗೆ ಸೇರಿಸಿದರು,
ಸೇರಿಸಿದ್ದಕ್ಕೆ ಮತ್ತೆ ಬಡ್ಡಿ ಬರೆದರು,
ಪಾಸ್‌ಬುಕ್ಕಿನಲ್ಲಿ ಅಂಕಿ ಬಸುರಾಯಿತು.
ಒಂದು ಸೋಮವಾರ ಶಟರಿಗೆ ಬೀಗ.
ಗಾಜಿನಾಚೆ ಹಾಲಿನ ಲೋಟಗಳು
ತೊಳೆಯದೆ ಹಾಗೇ ಇದ್ದವಂತೆ.

ಈಗ ಮೆಸೇಜು: ಪ್ರಿಯ ತೆರಿಗೆದಾರರೇ.
ಮೂರು ವರ್ಷಗಳಲ್ಲಿ ತಮಗೆ ಸಂದ ಬಡ್ಡಿ
ನಾಲ್ಕು ಲಕ್ಷದ ಎಂಟು ಸಾವಿರದ ಆರುನೂರು.
ತಾವು ಅದನ್ನು ಮರೆಮಾಚಿದ್ದೀರೆಂದು ನಂಬಲು ಕಾರಣಗಳಿವೆ.
ತೆರಿಗೆ, ತೆರಿಗೆಯ ಮೇಲೆ ಬಡ್ಡಿ, ಅದರ ಮೇಲೆ ದಂಡ.
ಶುಕ್ರವಾರದೊಳಗೆ ಉತ್ತರ.

ಪೋರ್ಟಲ್ ತೆರೆದು ನೋಡಿದೆ. ನಿಜ.
ಓಡಿಹೋಗುವ ಮುಂಚೆ ಕಳ್ಳರು
ಲೆಕ್ಕ ಚೊಕ್ಕಟವಾಗಿ ಫೈಲ್ ಮಾಡಿದ್ದರು.
ಯಾರಿಗೆ, ಎಷ್ಟು, ಯಾವ ತಾರೀಕು.

'ನಂಗೆ ಬರ್ಲೇ ಇಲ್ವಲ್ಲ ಸ್ವಾಮಿ.'
ಬಂದಿಲ್ಲ ಅಮ್ಮ, ಸಂದಿದೆ.

ಇಪ್ಪತ್ತಾರು ವರ್ಷದಿಂದ ಜನಕ್ಕೆ ಬಿಡಿಸಿ ಹೇಳಿದ್ದೇನೆ:
ಕೈಗೆ ಬರುವುದು ಬೇರೆ, ಲೆಕ್ಕಕ್ಕೆ ಬರುವುದು ಬೇರೆ.
ಅವತ್ತು ಬಾಯಿ ಏಳಲಿಲ್ಲ.

ನಮೂನೆಯಲ್ಲಿ ಸಂಬಳಕ್ಕೆ ಜಾಗವಿದೆ, ಬಾಡಿಗೆಗಿದೆ, ಲಾಟರಿಗಿದೆ,
ರೇಸಿನ ಕುದುರೆ ಸಾಕಿ ಸೋತವನ ನಷ್ಟಕ್ಕೂ ಒಂದು ಸಾಲಿದೆ.
ನಂಬಿ ಕೊಟ್ಟದ್ದಕ್ಕೆ ಇಲ್ಲ.
ಉಳಿದದ್ದು ಕೊನೆಯ ಚೌಕ, ಷರಾ.
ಐನೂರು ಅಕ್ಷರ ಮೀರಬಾರದು.
ಟೈಪು ಮಾಡಿದೆ, ಅಳಿಸಿದೆ,
ಮತ್ತೆ ಟೈಪು ಮಾಡುವಾಗ ಅವರು ಕೇಳಿದರು:

'ಇದ್ರಲ್ಲಿ ಸೀಲು ಐತಾ?'
ಸಹಿ ಇದೆ, ಡಿಜಿಟಲ್.
'ನನ್ನೆಸ್ರು?' ಇದೆ. 'ಕಂಪ್ನಿ ಹೆಸ್ರು?' ಅದೂ ಇದೆ.
'ದುಡ್ಡು ನಂದು ಅಂತ ಬರ್ದವ್ರಾ?'
ನಿಮ್ಮದೇ ಎಂದು ಬರೆದಿದ್ದಾರೆ.

ಸ್ಟೇಷನ್ನಿನಲ್ಲಿ ಎಂಟು ಸಲ ವಾಪಸ್ಸು ಕಳಿಸಿದ್ದರು,
ಇಂಥ ಪಾಸ್‌ಬುಕ್ಕು ಯಾರು ಬೇಕಾದರೂ ಅಚ್ಚು ಹಾಕಿಸಬಹುದು ಎಂದು.
ಅಳಿಯನೂ ಕೇಳಿದ್ದ, ಹಬ್ಬದ ದಿನ, ಎಲೆಯ ಮುಂದೆ ಕೂತು:
ಅಷ್ಟು ದುಡ್ಡು ನಿಜಕ್ಕೂ ಇತ್ತಾ ಅತ್ತೆ?
ಊರಲ್ಲಿ ಅವರನ್ನು ನಂಬಿದ್ದು ಒಂದೇ ಇಲಾಖೆ,
ಅದೂ ಸುಳ್ಳುಗಾರ್ತಿ ಅನ್ನುವುದಕ್ಕೋಸ್ಕರ.

'ಮೂರು ಕಾಪಿ ತಗ್ದುಕೊಡಿ. ಒಂದು ಸ್ಟೇಷನ್ಗೆ, ಒಂದು ಅಳಿಯಂಗೆ,
ಇನ್ನೊಂದಕ್ಕೆ ಪ್ಲಾಸ್ಟಿಕ್ ಹಾಕ್ಸಿ.'

ಪ್ರಿಂಟರು ಹಳೆಯದು. ಮೂರನೆಯ ಪ್ರತಿ ಮಸುಕಾಗಿ ಬಂತು,
ಆಗಲ್ಲ ಅಂದರು, ಇನ್ನೊಂದು ತೆಗೆಸಿದರು.
ಬಿಸಿ ಕಾಗದದ ಮೇಲೆ ಹೆಬ್ಬೆರಳು
ಅಂಚಿನಿಂದ ಅಂಚಿಗೆ ಒಂದೇ ಸಮ ಸರಿಯಿತು.

ಫೀಸು ಬೇಡವೆಂದೆ. ನೂರರ ನೋಟು ಮೇಜಿನ ಮೇಲಿಟ್ಟು
ಅಲ್ಲೇ ನಿಂತರು. 'ರಸೀತಿ.'
ಹುಡುಕಿದೆ. ಧೂಳು ಕೊಡವಿದೆ.
ರಸೀತಿ ಪುಸ್ತಕದ ಅಚ್ಚಿನಲ್ಲಿ 'ಸಂದಿದೆ' ಎಂದಿತ್ತು,
ಅದನ್ನು ಹೊಡೆದುಹಾಕಿ
ಪೆನ್ನಿನಲ್ಲಿ 'ಬಂದಿದೆ' ಎಂದು ಬರೆದುಕೊಟ್ಟೆ.